ಅಳೆದು ತಿಳಿಯುವ ವಿದ್ಯೆ

ವಿಜ್ಞಾನದ ಇತಿಹಾಸವೆಂದರೆ ದೊಡ್ಡ ಪ್ರಯೋಗಾಲಯಗಳ ಇತಿಹಾಸ ಮಾತ್ರವೇ ಎಂಬ ಭಾವನೆ ಸಾಮಾನ್ಯವಾಗಿದೆ. ಎಲೆಕ್ಟ್ರಾನಿಕ್ಸ್ ವಿದ್ಯೆಯ ಚರಿತ್ರೆ ಬೇರೆಯದೇ ಸಂಗತಿಯನ್ನು ಹೇಳುತ್ತದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರಿಗೆ ನಾಡಿನಲ್ಲಿ ಪ್ರಚಾರ ದೊರೆತದ್ದು ಆ ನಿಲಯದಿಂದ. 1939ರಲ್ಲಿ ಅಮೆರಿಕದ ಪಾಲೋ ಆಲ್ಟೋ ಪಟ್ಟಣದ ಒಂದು ಮನೆಯ ಗ್ಯಾರೇಜಿನಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಎಂಬ ಇಬ್ಬರು ತರುಣರು ತಮ್ಮ ಸಂಸ್ಥೆಯನ್ನು ಕಟ್ಟಿದರು. ಅವರ ಮೊದಲ ಉತ್ಪನ್ನವೇ ಒಂದು ಪರೀಕ್ಷಾ ಉಪಕರಣ: ಧ್ವನಿ ಉಪಕರಣಗಳನ್ನು ಪರೀಕ್ಷಿಸುವ ಆಸಿಲೇಟರ್. ಅದರ ತರಂಗವನ್ನು ಸ್ಥಿರವಾಗಿರಿಸಲು ಅವರು ಬಳಸಿದ್ದು ಒಂದು ಸಣ್ಣ ವಿದ್ಯುತ್ ಬಲ್ಬನ್ನು.

ನಮ್ಮ ಜಿಲ್ಲೆಗಳಿಗೆ ಸಮೀಪದ ಬೆಂಗಳೂರಿನಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದವು. ಇಂಥ ಕಾರ್ಖಾನೆಗಳಲ್ಲಿ ಮಲ್ಟಿಮೀಟರ್, ಸಿಗ್ನಲ್ ಜನರೇಟರ್, ಆಸಿಲೋಸ್ಕೋಪ್‌ಗಳಿಲ್ಲದೆ ಕೆಲಸ ಸಾಗದು. ವಾಲ್ವ್ ಹೋಗಿ ಟ್ರಾನ್ಸಿಸ್ಟರ್, ಆ ಬಳಿಕ ಡಿಜಿಟಲ್ ಉಪಕರಣಗಳು ಬಂದಂತೆ ಹಳೆಯವು ಮೂಲೆಗೆ ಸರಿದವು. ಅವುಗಳಲ್ಲಿ ಕೆಲವು ಗುಜರಿಗೆ ಹೋದವು, ಕೆಲವು ಆಸಕ್ತರ ಮನೆಗಳನ್ನು ಸೇರಿದವು.

ಏರ್ಕಾಡಿನಂಥ ಬೆಟ್ಟದ ಊರಿನಲ್ಲಿ ಅಂಥ ಉಪಕರಣವನ್ನು ಕಾಪಾಡುವುದು ಸುಲಭವಲ್ಲ. ಸುಮಾರು 1,500 ಮೀಟರ್ ಎತ್ತರದ ಈ ಶೇರ್ವರಾಯನ ಬೆಟ್ಟಗಳಲ್ಲಿ ಕಾಫಿ ಗಿಡಕ್ಕೆ ಹಿತವಾದ ಮಂಜು ಉಪಕರಣಕ್ಕೆ ಶತ್ರು. ತೇವ ಸೇರಿದ ಹಳೆಯ ಕಾಗದದ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಸೋರುತ್ತದೆ. ಇಂಗಾಲದ ರೋಧಕಗಳ ಮೌಲ್ಯ ಏರುತ್ತದೆ. ಸ್ವಿಚ್ಚುಗಳ ಲೋಹ ಕಪ್ಪಾಗಿ ಸಂಪರ್ಕ ತಪ್ಪುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಉಪಕರಣಕ್ಕೆ ಒಮ್ಮೆಲೇ ಪೂರ್ಣ ವಿದ್ಯುತ್ ಕೊಟ್ಟರೆ, ಉಳಿದದ್ದೂ ಸುಟ್ಟುಹೋಗಬಹುದು.

ಬಲ್ಲವರು ಆದ್ದರಿಂದಲೇ ಉಪಕರಣದೊಡನೆ ಸರಣಿಯಲ್ಲಿ ಒಂದು ಬಲ್ಬನ್ನು ಜೋಡಿಸುತ್ತಾರೆ. ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಕ್ಷಣ ಬೆಳಗಿ ಮಂಕಾದರೆ ಮುಂದುವರಿಯಬಹುದು. ಬಳಿಕ ನಕ್ಷೆಯನ್ನು ಮುಂದಿಟ್ಟುಕೊಂಡು, ಮೊದಲು ವಿದ್ಯುತ್ ಪೂರೈಕೆಯ ಭಾಗವನ್ನೂ ನಂತರ ಒಂದೊಂದೇ ಹಂತವನ್ನೂ ಅಳೆಯುತ್ತ ಸಾಗುತ್ತಾರೆ. ಊಹಿಸಿ ಬದಲಿಸುವುದಿಲ್ಲ, ಅಳೆದು ತಿಳಿದ ಮೇಲಷ್ಟೇ ಬದಲಿಸುತ್ತಾರೆ. ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು: ಆಸಿಲೋಸ್ಕೋಪಿನ ಚಿತ್ರನಳಿಕೆಗೆ ಸಾವಿರಾರು ವೋಲ್ಟ್ ಬೇಕಾಗುತ್ತದೆ, ಮತ್ತು ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯದ ವಿದ್ಯುತ್ ಉಳಿದಿರಬಹುದು. ಬಲ್ಲ ಹಿರಿಯರಿಲ್ಲದೆ ಮಕ್ಕಳು ಅದನ್ನು ಬಿಚ್ಚಬಾರದು.

ಆ ಹಿರಿಯರೇ ಈಗ ವಿರಳವಾಗುತ್ತಿದ್ದಾರೆ. ಹಳೆಯ ಉಪಕರಣದ ಕೈಪಿಡಿಯಲ್ಲಿ ಪೂರ್ಣ ನಕ್ಷೆಯೂ ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂಬ ಪಟ್ಟಿಯೂ ಅಚ್ಚಾಗಿರುತ್ತಿದ್ದವು. ಅದನ್ನು ಓದಬಲ್ಲವರು ಇರುವತನಕ ಅದು ಪಠ್ಯಪುಸ್ತಕ. ಅವರ ಬಳಿಕ ರದ್ದಿ ಕಾಗದ. ಓಮ್‌ನ ನಿಯಮವನ್ನು ಕರಿಹಲಗೆಯ ಮೇಲೆ ನಾವು ಕಲಿಸುತ್ತೇವೆ, ನಿಜ. ಆದರೆ ಆ ನಿಯಮದ ಬಲದಿಂದ ನಿಂತುಹೋದದ್ದನ್ನು ಮತ್ತೆ ನಡೆಸಬಹುದೆಂಬ ಧೈರ್ಯವನ್ನು ಕರಿಹಲಗೆಯೊಂದೇ ಕೊಡಲಾರದು. ಆ ಧೈರ್ಯ ಕನ್ನಡದಲ್ಲಿಯೇ ದೊರೆತ ಮಗುವಿಗೆ ವಿಜ್ಞಾನವು ಪರಭಾಷೆಯ ವಿದ್ಯೆಯೆಂದು ಎಂದೂ ತೋರದು.

ಶತಮಾನೋತ್ಸವದ ಈ ಹೊತ್ತಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನಾವು ಬೇಡುವುದು ಇಷ್ಟೇ. ಅಟ್ಟದ ಮೇಲಿನ ಮೀಟರನ್ನು ಗುಜರಿಗೆ ಹಾಕುವ ಮುನ್ನ ಅದರ ಕೈಪಿಡಿಯನ್ನು ಹುಡುಕಿರಿ. ಕಂಡ ದೋಷವನ್ನೂ ಅದನ್ನು ಸರಿಪಡಿಸಿದ ಬಗೆಯನ್ನೂ ಕನ್ನಡದಲ್ಲಿ ಬರೆದಿಡಿರಿ. ಬಿಡುವಾದ ದಿನ ಶಾಲೆಗೆ ಬಂದು ಮಕ್ಕಳ ಎದುರಿಗೆ ಅದನ್ನು ತೆರೆದು ತೋರಿಸಿರಿ.