ಹಾಡಿನ ಹಿಂದಿನ ಹಡಗು

ಭಾನುವಾರ ಬೆಳಿಗ್ಗೆ ನಾನು ತರಕಾರಿ ತರಲು ಹೋಗುವ ದಾರಿಯಲ್ಲಿ ಒಂದು ಹಳೆಯ ಚರ್ಚು ಇದೆ. ಅದರ ಕಿಟಕಿಗಳಿಂದ ಹೊರಬರುವ ಹಾಡುಗಳಲ್ಲಿ ಒಂದನ್ನು ಕೇಳಿದಾಗ ಮಾತ್ರ ನನ್ನ ಕಾಲು ತಾನಾಗಿಯೇ ನಿಂತುಬಿಡುತ್ತದೆ. ‘ಅಮೇಜಿಂಗ್ ಗ್ರೇಸ್’ ಎಂಬ ಆ ಗೀತೆಯನ್ನು ಚರ್ಚಿನ ಮೆಟ್ಟಿಲು ಹತ್ತದವರೂ ಎಲ್ಲಾದರೂ ಕೇಳಿಯೇ ಇರುತ್ತಾರೆ. ಪಾಪಿಗೂ ದೊರೆತ ದೈವಕೃಪೆಯನ್ನು ನೆನೆದು ಬೆರಗಾಗುವ ಸರಳವಾದ ಹಾಡು. ಬರೆದವನು ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ಪಾದ್ರಿ.

ಈ ಹಾಡಿನ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನೊಬ್ಬ ಬಿರುಗಾಳಿಗೆ ಸಿಕ್ಕಿದನಂತೆ. ದೇವರನ್ನು ಕೂಗಿ ಪಾರಾದನಂತೆ. ಆ ಕ್ಷಣವೇ ಆ ದಂಧೆಯನ್ನು ತೊರೆದು ಈ ಹಾಡನ್ನು ಬರೆದನಂತೆ. ಬೇಡನು ವಾಲ್ಮೀಕಿಯಾದ ಕಥೆ ಕೇಳಿ ಬೆಳೆದ ನನಗೆ ಇದು ಬಲು ಹಿಡಿಸಿತ್ತು. ಮೇಷ್ಟರಾಗಿದ್ದಾಗ ಹುಡುಗರಿಗೆ ಎಷ್ಟೋ ಸಲ ಹೇಳಿದ್ದೂ ಉಂಟು. ನಿವೃತ್ತನಾದ ಮೇಲೆ ನ್ಯೂಟನ್ನನ ಬರಹಗಳನ್ನೇ ಓದತೊಡಗಿದಾಗ ನಾನು ಹೇಳುತ್ತಿದ್ದುದು ತಪ್ಪೆಂದು ತಿಳಿಯಿತು.

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನಲ್ಲಿ. ತಂದೆ ಹಡಗಿನ ಕಪ್ತಾನ. ಏಳು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. 1744ರಲ್ಲಿ ಅವನನ್ನು ಬಲವಂತದಿಂದ ನೌಕಾಪಡೆಗೆ ಸೇರಿಸಿದರು. ತಪ್ಪಿಸಿಕೊಳ್ಳಹೋಗಿ ಚಾವಟಿಯ ಏಟು ತಿಂದ. ಆಮೇಲೆ ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಹಸಿವಿನಿಂದಲೂ ಜ್ವರದಿಂದಲೂ ನರಳಿದ. 1748ರ ಮಾರ್ಚಿಯಲ್ಲಿ ‘ಗ್ರೇಹೌಂಡ್’ ಎಂಬ ಹಡಗಿನಲ್ಲಿ ಊರಿಗೆ ಮರಳುವಾಗ ಬಿರುಗಾಳಿ ಬಡಿದದ್ದು ನಿಜ. ಒಳಗಿದ್ದ ಜೇನುಮೇಣವೂ ಮರವೂ ನೀರಿಗಿಂತ ಹಗುರವಾದ್ದರಿಂದ ಹಡಗು ಉಳಿಯಿತೆಂದು ಅವನೇ ಬರೆದಿದ್ದಾನೆ. ಅಂದು ಅವನು ದೇವರನ್ನು ಕರೆದದ್ದೂ ನಿಜ. ಆದರೆ ಅವನು ಆ ಹಡಗಿನ ಕಪ್ತಾನನಾಗಿರಲಿಲ್ಲ. ಅದು ಗುಲಾಮರನ್ನು ಹೊತ್ತ ಹಡಗೂ ಆಗಿರಲಿಲ್ಲ.

ಗುಲಾಮರ ಹಡಗಿಗೆ ಅವನು ಕಪ್ತಾನನಾದದ್ದು ಅದಾದ ಮೇಲೆ! 1750ರಿಂದ 1754ರವರೆಗೆ ಮೂರು ಬಾರಿ ಅವನು ಆಫ್ರಿಕದಿಂದ ಜನರನ್ನು ತುಂಬಿಕೊಂಡು ಅಟ್ಲಾಂಟಿಕ್ ಸಾಗರ ದಾಟಿದ. ಭಾನುವಾರ ಮೇಲಟ್ಟದಲ್ಲಿ ನಾವಿಕರನ್ನು ಕೂಡಿಸಿ ಪ್ರಾರ್ಥನೆ ಮಾಡಿಸುತ್ತಿದ್ದ. ಕೆಳಗೆ ಮನುಷ್ಯರು ಸಂಕೋಲೆಯಲ್ಲಿ ಬಿದ್ದಿರುತ್ತಿದ್ದರು. ಹೆಂಡತಿಗೆ ಅಕ್ಕರೆ ತುಂಬಿದ ಕಾಗದ ಬರೆದ ಕೈಯೇ ಹಡಗಿನ ದಿನಚರಿಯಲ್ಲಿ ಸತ್ತ ಗುಲಾಮರನ್ನು ಹೆಸರಿಲ್ಲದೆ, ಬರಿಯ ನಂಬರಿನಿಂದ ದಾಖಲು ಮಾಡುತ್ತಿತ್ತು. 1754ರಲ್ಲಿ ಅವನು ಸಮುದ್ರ ಬಿಟ್ಟದ್ದು ಪಶ್ಚಾತ್ತಾಪದಿಂದಲ್ಲ. ಇದ್ದಕ್ಕಿದ್ದಂತೆ ಎರಗಿದ ಕಾಯಿಲೆಯಿಂದ.

ಹತ್ತು ವರ್ಷಗಳ ಮೇಲೆ, 1764ರಲ್ಲಿ, ಓಲ್ನಿ ಎಂಬ ಚಿಕ್ಕ ಊರಿಗೆ ಪಾದ್ರಿಯಾಗಿ ಬಂದ. ಲೇಸು ಹೆಣೆದು ಹೊಟ್ಟೆ ಹೊರೆಯುವ ಬಡವರ ಊರದು. ಅವರಿಗೆ ತಿಳಿಯುವ ಮಾತಿನಲ್ಲಿ ಅವನೂ, ಅವನ ಸ್ನೇಹಿತನಾದ ಕವಿ ವಿಲಿಯಂ ಕೂಪರನೂ ಕೀರ್ತನೆಗಳನ್ನು ಬರೆದರು. ಕೂಪರನೋ ಚಿತ್ತಸ್ವಾಸ್ಥ್ಯ ಕೆಟ್ಟು ಮತ್ತೆ ಮತ್ತೆ ನೊಂದ ಜೀವ. 348 ಕೀರ್ತನೆಗಳ ಅವರ ಸಂಗ್ರಹ 1779ರಲ್ಲಿ ಅಚ್ಚಾಯಿತು. 1773ರ ಹೊಸವರ್ಷದ ದಿನದ ಉಪದೇಶಕ್ಕಾಗಿ, ದಾವೀದ ರಾಜನ ಪ್ರಾರ್ಥನೆಯೊಂದನ್ನು ಆಧರಿಸಿ ರಚಿಸಿದ ನಮ್ಮ ಹಾಡು ಅದರಲ್ಲಿ ಒಂದು. ಆಗ ಅದಕ್ಕೆ ಇಂದಿನ ರಾಗವಿರಲಿಲ್ಲ.

ಹಳೆಯ ಭಜನೆಯ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ‘ಇಂಥ ಹಾಡಿನ ಧಾಟಿ’ ಎಂದು ಅಚ್ಚು ಹಾಕಿರುವುದನ್ನು ವಾಚಕರು ನೋಡಿರಬಹುದು. ಇಂಗ್ಲಿಷ್ ಕೀರ್ತನೆಗಳ ಪದ್ಧತಿಯೂ ಹಾಗೆಯೇ. ಎಂಟು, ಆರು, ಎಂಟು, ಆರು ಅಕ್ಷರಗಳ ನಾಲ್ಕು ಸಾಲು ಅವರಲ್ಲಿ ಬಹು ಬಳಕೆಯ ಅಳತೆ. ಆ ಅಳತೆಯ ಯಾವ ಹಾಡನ್ನಾದರೂ ಆ ಅಳತೆಯ ಯಾವ ಧಾಟಿಗಾದರೂ ಹೊಂದಿಸಬಹುದು. ಅಮೆರಿಕದ ದಕ್ಷಿಣ ಕೆರೊಲಿನದ ಹಾಡುಗಾರಿಕೆಯ ಮೇಷ್ಟರು ವಿಲಿಯಂ ವಾಕರ್ 1835ರಲ್ಲಿ ‘ಸದರ್ನ್ ಹಾರ್ಮನಿ’ ಎಂಬ ಪುಸ್ತಕದಲ್ಲಿ ನ್ಯೂಟನ್ನನ ಮಾತಿಗೆ ‘ನ್ಯೂ ಬ್ರಿಟನ್’ ಎಂಬ ಧಾಟಿಯನ್ನು ಜೋಡಿಸಿದ. ಆ ಧಾಟಿ 1829ರಲ್ಲಿಯೇ ಅಚ್ಚಾಗಿತ್ತು. ಅದನ್ನು ಕಟ್ಟಿದವನ ಹೆಸರು ಮಾತ್ರ ಉಳಿದಿಲ್ಲ. ನಮ್ಮ ದಾಸರ ಪದಗಳಲ್ಲಿ ಅಂಕಿತವಾದರೂ ಇರುತ್ತದೆ. ಈ ರಾಗಕ್ಕೆ ಅದೂ ಇಲ್ಲ. ನ್ಯೂಟನ್ ತೀರಿಕೊಂಡು ಆಗಲೇ 28 ವರ್ಷವಾಗಿತ್ತು. ತನ್ನ ಹಾಡನ್ನು ಜಗತ್ತು ಯಾವ ರಾಗದಲ್ಲಿ ಹಾಡುತ್ತದೆಂಬುದನ್ನು ಅವನು ಅರಿಯಲೇ ಇಲ್ಲ.

ಇನ್ನು ಪಶ್ಚಾತ್ತಾಪದ ಮಾತು. 1785ರಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ತರುಣ ಪಾರ್ಲಿಮೆಂಟ್ ಸದಸ್ಯ, ರಾಜಕೀಯ ಬಿಡಲೇ ಎಂಬ ತಳಮಳದಲ್ಲಿ ಮುದುಕ ನ್ಯೂಟನ್ನನ ಬಳಿ ಬಂದ. ಬಿಡಬೇಡ, ಅಲ್ಲಿದ್ದೇ ದೇವರ ಕೆಲಸ ಮಾಡು ಎಂದು ನ್ಯೂಟನ್ ಬುದ್ಧಿ ಹೇಳಿದ. ಮೂರು ವರ್ಷಗಳ ನಂತರ, ಕಡೆಗೂ, ಅವನು ತನ್ನ ಬಾಯಿ ತೆರೆದ. 1788ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ ತಾನು ಕಂಡದ್ದನ್ನೂ ಮಾಡಿದ್ದನ್ನೂ ಮುಚ್ಚುಮರೆಯಿಲ್ಲದೆ ಬರೆದ. ಈ ತಪ್ಪೊಪ್ಪಿಗೆ ಆಗಿಹೋದ ಕೇಡನ್ನು ಸರಿಪಡಿಸಲಾರದಷ್ಟು ತಡವಾಗಿ ಬಂದಿದೆಯೆಂದು ತಾನೇ ಒಪ್ಪಿಕೊಂಡ. ಸರ್ಕಾರದ ವಿಚಾರಣೆಯಲ್ಲಿ ಸಾಕ್ಷಿಯನ್ನೂ ನುಡಿದ. ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚಿಯಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ ಕಣ್ಣು ಮುಚ್ಚಿದ.

ಬಿರುಗಾಳಿಗೂ ಆ ಕಿರುಹೊತ್ತಗೆಗೂ ನಡುವೆ ನಲವತ್ತು ವರ್ಷ. ಹಾಡು ಹುಟ್ಟಿದ್ದು ಅವೆರಡರ ನಡುವೆ. ಕೃಪೆಯಿಂದ ಕಣ್ಣು ತೆರೆಯಿತೆಂದು ಹಾಡಿದಾಗ ಅವನ ಕಣ್ಣು ಪೂರ್ತಿ ತೆರೆದಿರಲಿಲ್ಲವೆಂದೇ ನನಗೆ ತೋರುತ್ತದೆ. ಆದರೂ ಹಾಡು ಅವನಿಗಿಂತ ಮುಂದೆ ನಡೆಯಿತು. ಅಮೆರಿಕದಲ್ಲಿ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು. 1947ರಲ್ಲಿ ಮಹೇಲಿಯ ಜಾಕ್ಸನ್ ಅದನ್ನು ಧ್ವನಿಮುದ್ರಿಸಿದರು. ದಿನಚರಿಯಲ್ಲಿ ನಂಬರುಗಳಾಗಿ ಉಳಿದವರ ಕುಲದವರು ಆ ದಿನಚರಿ ಬರೆದವನ ಹಾಡಿಗೇ ದನಿಯಾದರು.

ಒಂದೇ ರಾತ್ರಿಯಲ್ಲಿ ಬದಲಾದ ಕಪ್ತಾನನ ಕಥೆಯನ್ನು ಇನ್ನು ನಾನು ಯಾರಿಗೂ ಹೇಳುವುದಿಲ್ಲ. ತಡವಾಗಿ ಕಲಿತವನ ಕಥೆಯನ್ನು ಹೇಳುತ್ತೇನೆ. ನಮ್ಮಲ್ಲಿ ಹೆಚ್ಚಿನವರು ಬದಲಾಗುವುದು ಹಾಗೆಯೇ ತಾನೆ? ಅಷ್ಟರಲ್ಲಿ ಆ ತಡದ ಬೆಲೆಯನ್ನು ಬೇರೆ ಯಾರೋ ತೆತ್ತಿರುತ್ತಾರೆಂಬುದನ್ನೂ ಜೊತೆಗೆ ಹೇಳಬೇಕು.