ಹಾಸುಗಲ್ಲಿನ ಹಾದಿಯಲ್ಲಿ ದೂರದ ಕುದುರೆ ಸವಾರಿ

ದೂರದ ಕುದುರೆ ಸವಾರಿ ಅಥವಾ ಎಂಡ್ಯೂರೆನ್ಸ್ ಸವಾರಿಯು ಒಂದೇ ದಿನದಲ್ಲಿ 160 ಕಿಲೋಮೀಟರ್‌ವರೆಗಿನ ಹಾದಿಯನ್ನು ಕ್ರಮಿಸುವ ಅಶ್ವಕ್ರೀಡೆಯಾಗಿದೆ. ಇಲ್ಲಿ ವೇಗವೊಂದೇ ಗೆಲುವನ್ನು ನಿರ್ಧರಿಸುವುದಿಲ್ಲ. ಪ್ರತಿ ಹಂತದ ಕೊನೆಯಲ್ಲಿ ಪಶುವೈದ್ಯರು ಕುದುರೆಯ ಹೃದಯಬಡಿತವನ್ನೂ ನಡಿಗೆಯನ್ನೂ ಪರೀಕ್ಷಿಸುತ್ತಾರೆ. ಕುಂಟುವ ಕುದುರೆಯು ಸ್ಪರ್ಧೆಯಿಂದ ಹೊರಬೀಳುತ್ತದೆ. ನುಣುಪಾದ ಒದ್ದೆಗಲ್ಲಿನ ಮೇಲೆ ಒಮ್ಮೆ ಕಾಲು ಜಾರಿದರೂ ಇಡೀ ದಿನದ ಶ್ರಮ ವ್ಯರ್ಥವಾಗಬಹುದು; ಕಾಲಿನ ಮೂಳೆ ಮುರಿದರೆ ಕುದುರೆ ಬದುಕುಳಿಯುವುದೇ ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಆರಂಭವಾದ 100 ಮೈಲಿಗಳ ಟೆವಿಸ್ ಕಪ್ ಸವಾರಿಯ ಹಾದಿಯಲ್ಲಿ ಕೂಗರ್ ರಾಕ್ ಎಂಬ ಕಡಿದಾದ ಬಂಡೆಯಿದೆ. ಅದನ್ನು ಏರಲೊಲ್ಲದವರಿಗೆ ಬಳಸುದಾರಿಯೂ ಉಂಟು.

ನೆಲದ ಸ್ವರೂಪ

ಕರ್ನಾಟಕದಲ್ಲಿ ಇಂತಹ ನೆಲಕ್ಕೆ ಕಲಬುರಗಿ ಜಿಲ್ಲೆಯ ಕಾಳಗಿ, ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಪ್ರದೇಶವು ಉತ್ತಮ ಉದಾಹರಣೆ. ಇಲ್ಲಿನ ಸುಣ್ಣಕಲ್ಲು ಬಹುಮಟ್ಟಿಗೆ ಸಮತಲವಾದ ತೆಳು ಪದರಗಳಲ್ಲಿ ಹಾಸಿಕೊಂಡಿದೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅಥವಾ ಪರಸಿ ಕಲ್ಲು ಇದೇ. ಕಾಗಿಣಾ ನದಿಯ ಆಸುಪಾಸಿನ ಹಳ್ಳಗಳಲ್ಲಿ ಈ ಪದರಗಳು ಬಯಲಾಗಿರುತ್ತವೆ. ನೀರು ಹರಿದು ನುಣುಪಾದ ಮೈಯ ಮೇಲೆ ಪಾಚಿ ಕಟ್ಟುತ್ತದೆ. ಪದರಗಳ ನಡುವಿನ ಬಿರುಕುಗಳು ಗೊರಸು ಸಿಕ್ಕಿಕೊಳ್ಳುವಷ್ಟು ಅಗಲವಾಗಿರುವುದೂ ಉಂಟು.

ಕಲ್ಲಿಗಿಂತ ಹೆಚ್ಚಿನ ಅಪಾಯವಿರುವುದು ಕಲ್ಲೂ ಎರೆಮಣ್ಣೂ ಕೂಡುವ ಸ್ಥಳದಲ್ಲಿ. ಮಳೆಗಾಲದ ಎರೆಮಣ್ಣು ಗೊರಸಿನ ತಳದಲ್ಲಿ ಗಟ್ಟಿಯಾಗಿ ಮೆತ್ತಿಕೊಂಡು, ಹಿಡಿತ ನೀಡಬೇಕಾದ ಅಂಚುಗಳನ್ನು ಮುಚ್ಚಿಬಿಡುತ್ತದೆ. ಹೊಲದ ದಾರಿಯಿಂದ ನೇರವಾಗಿ ಒದ್ದೆ ಹಾಸುಗಲ್ಲಿಗೆ ಕಾಲಿಡುವ ಕುದುರೆಯು ಸಾಬೂನಿನ ಮೇಲೆ ನಡೆದಂತೆಯೇ ಸರಿ. ಕಲ್ಲಿಗೆ ಇಳಿಯುವ ಮೊದಲು ನಿಂತು ಗೊರಸನ್ನು ಕೆರೆದು ಸ್ವಚ್ಛಗೊಳಿಸಲು ತಗಲುವ ಎರಡು ನಿಮಿಷ ನಷ್ಟವೆನಿಸುವುದಿಲ್ಲ. ಗಣಿಗಾರಿಕೆ ನಿಂತ ಗುಂಡಿಗಳು ಮಳೆನೀರು ತುಂಬಿ ಕೆರೆಗಳಂತೆ ಕಾಣುತ್ತವೆ. ಅವುಗಳ ಅಂಚಿನ ಸಡಿಲ ಚಕ್ಕೆಗಲ್ಲಿನ ರಾಶಿಯ ಮೇಲೆ ಕುದುರೆಯನ್ನು ಹಾಯಿಸಲೇಬಾರದು.

ಲಾಳ

ನುಣುಪು ಕಲ್ಲಿನ ಮೇಲೆ ಸವೆದ ಕಬ್ಬಿಣದ ಲಾಳವು ಬರಿಗೊರಸಿಗಿಂತ ಬೇಗ ಜಾರುತ್ತದೆ. ಹಾಗೆಂದು ಲಾಳವಿಲ್ಲದೆ ಚಕ್ಕೆಗಲ್ಲಿನ ಮೇಲೆ ದೂರ ಓಡಿಸಿದರೆ ಗೊರಸಿನ ತಳ ನೋಯುತ್ತದೆ. ಲಾಳದ ಮೇಲೆ ಟಂಗ್‌ಸ್ಟನ್ ಕಾರ್ಬೈಡ್‌ನ ಚಿಕ್ಕ ಉಬ್ಬುಗಳನ್ನು ಕೂರಿಸುವುದು ಒಂದು ಉಪಾಯ. ಆದರೆ ಹಿಡಿತ ಅತಿಯಾದರೆ ಕಾಲು ಥಟ್ಟನೆ ನಿಂತು ಸ್ನಾಯುರಜ್ಜುಗಳ ಮೇಲೆ ಒತ್ತಡ ಬೀಳುವುದರಿಂದ ಉಬ್ಬುಗಳು ಸಣ್ಣವಾಗಿರಬೇಕು. ರಬ್ಬರ್ ಅಥವಾ ಪ್ಲಾಸ್ಟಿಕ್ ತಳದ ಗೊರಸುಗವಸುಗಳೂ ಬಳಕೆಯಲ್ಲಿವೆ. ಎತ್ತುಗಳಿಗೆ ಲಾಳ ಹೊಡೆದು ರೂಢಿಯಾದವರು ಕುದುರೆಯ ಲಾಳಕ್ಕೂ ಅದೇ ಕೈ ಬಳಸಲಾಗದು: ಎತ್ತಿನ ಸೀಳುಗೊರಸಿಗೆ ಎರಡು ಬಿಲ್ಲೆಗಳು ಬೇಕು, ಕುದುರೆಗೆ ಒಂದೇ ಲಾಳ.

ಸವಾರಿಯ ಕ್ರಮ

ಕುದುರೆಯು ತನ್ನ ಮೂಗಿನ ಕೆಳಗಿನ ನೆಲವನ್ನು ನೇರವಾಗಿ ಕಾಣಲಾರದು. ದಾರಿ ನೋಡಲು ಹಾಗೂ ತೋಲ ಕಾಯ್ದುಕೊಳ್ಳಲು ಅದು ತಲೆಯನ್ನು ತಗ್ಗಿಸಬೇಕಾಗುತ್ತದೆ. ಆದ್ದರಿಂದ ಕಲ್ಲುಹಾದಿಯಲ್ಲಿ ಲಗಾಮನ್ನು ಸಡಿಲ ಬಿಡುವುದು ಮೊದಲ ನಿಯಮ. ಹೆದರಿದ ಸವಾರನು ಲಗಾಮನ್ನು ಬಿಗಿಹಿಡಿಯುವುದು ಸಹಜ. ಆದರೆ ಅದರಿಂದಲೇ ಹಲವು ಕುದುರೆಗಳು ಮುಗ್ಗರಿಸುತ್ತವೆ. ನಡಿಗೆಯ ವೇಗಕ್ಕೆ ಇಳಿಯುವುದು, ಕಲ್ಲಿನ ಮೇಲೆ ಹಠಾತ್ ತಿರುವು ಕೊಡದಿರುವುದು, ಮುಂದಿನ ಕುದುರೆಯಿಂದ ಕನಿಷ್ಠ ಒಂದೆರಡು ಕುದುರೆಯುದ್ದ ದೂರವಿರುವುದು ಉಳಿದ ಎಚ್ಚರಿಕೆಗಳು.

ಏರಿನಲ್ಲಿ ಸವಾರನು ಮುಂದಕ್ಕೆ ಬಾಗಿ, ಬೇಕಾದರೆ ಜೂಲನ್ನು ಹಿಡಿದು, ಕುದುರೆಯ ಹಿಂಗಾಲುಗಳಿಗೆ ಭಾರ ತಗ್ಗಿಸುತ್ತಾನೆ. ಜಾರುವ ಇಳಿಜಾರಿನಲ್ಲಿ ಓರೆಯಾಗಿ ಇಳಿಯುವುದಕ್ಕಿಂತ ನೇರ ಇಳಿಯುವುದು ಲೇಸು. ನೇರ ಇಳಿಯುವ ಕುದುರೆ ಜಾರಿದರೆ ಹಿಂಗಾಲನ್ನು ಮಡಿಸಿ ಕುಳಿತು ಸಾವರಿಸಿಕೊಳ್ಳಬಲ್ಲದು. ಓರೆಯಾಗಿದ್ದರೆ ಪಕ್ಕಕ್ಕೆ ಉರುಳುತ್ತದೆ. ಜೀನು ಮುಂದೆ ಹಿಂದೆ ಸರಿಯದಂತೆ ಪಟ್ಟಿಯನ್ನು ಮೊದಲೇ ಬಿಗಿಗೊಳಿಸಿರಬೇಕು.

ಇಳಿದು ನಡೆಸುವುದು

ಸಂದೇಹವಿದ್ದಲ್ಲಿ ಸವಾರನು ಇಳಿದು ಕುದುರೆಯನ್ನು ನಡೆಸಿಕೊಂಡು ಹೋಗಬಹುದು; ಕ್ರೀಡೆಯ ನಿಯಮವು ಇದಕ್ಕೆ ಅವಕಾಶ ನೀಡುತ್ತದೆ. ಹಾಗೆ ಇಳಿಯಬೇಕಾದದ್ದು ಜಾರುವ ಕಲ್ಲಿಗೆ ಮುಂಚೆಯೇ ಹೊರತು ಅದರ ಮೇಲೆ ಅಲ್ಲ. ಕುದುರೆಯ ನೇರ ಮುಂದೆ ನಡೆಯಬಾರದು. ಪಕ್ಕದ ಇಳಿಜಾರಿದ್ದಲ್ಲಿ ಮೇಲ್ಬದಿಯಲ್ಲಿರಬೇಕು, ಏಕೆಂದರೆ ಬೀಳುವ ಕುದುರೆ ಕೆಳಬದಿಗೆ ಉರುಳುತ್ತದೆ. ಲಗಾಮನ್ನು ಕೈಗೆ ಸುತ್ತಿಕೊಳ್ಳುವುದು ಅಪಾಯಕರ.

ಬಿದ್ದ ನಂತರ

ಬಿದ್ದ ಕುದುರೆಯನ್ನು ಎಳೆದೆಬ್ಬಿಸದೆ, ತಾನೇ ಏಳಲು ಜಾಗ ಬಿಡಬೇಕು. ಎದ್ದ ಬಳಿಕ ನಾಲ್ಕೂ ಕಾಲುಗಳನ್ನು ಕೈಯಿಂದ ಸವರಿ ಬಿಸಿ, ಊತ, ಗಾಯಗಳನ್ನು ನೋಡಿ, ಕೆಲವು ಹೆಜ್ಜೆ ನಡೆಸಿ ಕುಂಟುವಿಕೆಯನ್ನು ಗಮನಿಸಲಾಗುತ್ತದೆ. ಚೂಪಾದ ಚಕ್ಕೆಯಿಂದ ಆದ ಸಣ್ಣ ತೂತುಗಾಯವನ್ನೂ ಅಲಕ್ಷಿಸುವಂತಿಲ್ಲ: ಧನುರ್ವಾಯುವಿಗೆ ಅತಿ ಸುಲಭವಾಗಿ ತುತ್ತಾಗುವ ಪ್ರಾಣಿಗಳಲ್ಲಿ ಕುದುರೆಯೂ ಒಂದು. ಲಸಿಕೆ ಹಾಕಿಸದ ಕುದುರೆಗೆ ಗಾಯವಾದರೆ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.