ಜಗತಿ

ದೇವಾಲಯವನ್ನು ಹೊತ್ತು ನಿಂತ, ನೆಲಮಟ್ಟದಿಂದ ಎತ್ತರಿಸಿ ಕಟ್ಟಿದ ಕಲ್ಲಿನ ವೇದಿಕೆ. ಸಂಸ್ಕೃತದ ‘ಜಗತೀ’ ಪದಕ್ಕೆ ಭೂಮಿ, ಲೋಕ ಎಂಬ ಅರ್ಥಗಳಿವೆ. ಪಾದಕ್ಕೆ 12 ಅಕ್ಷರಗಳ ವೈದಿಕ ಛಂದಸ್ಸಿಗೂ ಇದೇ ಹೆಸರು. ಮನೆಯ ಮುಂದಿನ ಜಗಲಿ ಅಥವಾ ಜಗುಲಿಯನ್ನು ಇದರ ತದ್ಭವವೆಂದು ಹೇಳುವುದುಂಟು.

ಹೊಯ್ಸಳ ಶಿಲ್ಪಿಗಳ ಕೈಯಲ್ಲಿ ಜಗತಿ ಬರಿಯ ತಳಪಾಯವಾಗಿ ಉಳಿಯಲಿಲ್ಲ. ಕೃಷ್ಣರಾಜಪೇಟೆ ಬಳಿಯ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ (ಸು. 1250) ಇದಕ್ಕೆ ಸೊಗಸಾದ ನಿದರ್ಶನ. ಗುಡಿಯ ಗೋಡೆ ಚಾಚಿದಲ್ಲಿ ಜಗತಿಯೂ ಚಾಚುತ್ತದೆ, ಒಳಸರಿದಲ್ಲಿ ತಾನೂ ಸರಿಯುತ್ತದೆ. ಗರ್ಭಗುಡಿಯ ಸುತ್ತ ಒಳಗೆ ಪ್ರದಕ್ಷಿಣಾಪಥವಿಲ್ಲದ ಕಾರಣ ಭಕ್ತರು ಬಲಬರುವುದು ಇದರ ಮೇಲೆಯೇ. ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸಗಳ ಪಟ್ಟಿಕೆಗಳು ಆಗ ಪಕ್ಕದಲ್ಲೇ ಸಾಗುತ್ತವೆ. ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ನಡೆಯುವವರ ದಿಕ್ಕಿನಲ್ಲೇ ಕಂಡರಿಸಿರುವುದು ಆ ಶಿಲ್ಪಿಗಳ ಜಾಣ್ಮೆ.

ನಾಗಮಂಗಲದ ಸೌಮ್ಯಕೇಶವ, ಸೋಮನಾಥಪುರದ ಕೇಶವ (1268) ದೇವಾಲಯಗಳೂ ಜಗತಿಯ ಮೇಲೆ ನಿಂತಿವೆ. ಗೋಡೆಯ ಬುಡಕ್ಕೆ ಅಂಟಿಕೊಂಡ ಅಧಿಷ್ಠಾನ ಬೇರೆ, ಓಡಾಡಲು ಜಾಗ ಬಿಟ್ಟು ಹೊರಚಾಚಿದ ಜಗತಿ ಬೇರೆ.